ನೀರು ಕುಡಿದ ಹನ್ನೆರಡು ಮನೆಗಳು

ನನ್ನನ್ನು ಪರ್ತ್‌ನಿಂದ ಬ್ರಿಸ್ಬೇನಿಗೆ ಕಳಿಸಿದ್ದು ಮರದ ಕೆಲಸ ಬಲ್ಲ ಇಂಜಿನಿಯರ್ ಎಂದಲ್ಲ, ನನಗೆ ಕನ್ನಡ ಬರುತ್ತದೆ ಎಂದು. ನಂಬುವುದು ಕಷ್ಟ, ಆದರೆ ನಡೆದದ್ದು ಹಾಗೆಯೇ. ಎಂಬತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಡಿಸೆಂಬರಿನ ಒಂದು ಮಧ್ಯಾಹ್ನ ನಮ್ಮ ಕಾರ್ಖಾನೆಯ ಮ್ಯಾನೇಜರ್ ನನ್ನನ್ನು ಕರೆದು, ಮೇಜಿನ ಮೇಲೆ ಕಾಲು ಚಾಚಿಕೊಂಡೇ ಹೇಳಿದ:

"ಮೇಟ್, ಬ್ರಿಸ್ಬೇನ್‌ನಲ್ಲಿ ನಮ್ಮ ಒಂದು ಮನೆಯ ನೆಲ ಎದ್ದು ಕೂತಿದೆ. ನಿಮ್ಮ ಊರ ಕಡೆಯ ಡಾಕ್ಟರ್ ಒಬ್ಬ ಇದಾನೆ ಆ ಮನೇಲಿ. ಅವನ ತಾಯಿ ಬಕೆಟ್‌ಗಟ್ಟಲೆ ನೀರು ಸುರಿದು ನೆಲ ತೊಳೀತಾಳಂತೆ. ಆಕೆಗೆ ಇಂಗ್ಲಿಷ್ ಬರಲ್ಲ. ನೀನು ಹೋಗು, ಅವಳ ಭಾಷೇಲೇ ಮಾತಾಡು, ಒಪ್ಪಿಸ್ಕೊಂಡು ಬಾ. ಎರಡು ಪುಟದ ರಿಪೋರ್ಟ್ ಸಾಕು."

ಮನುಷ್ಯ ಕೆಟ್ಟವನಲ್ಲ. ಶೆಡ್ಡಿನಲ್ಲಿ ಕೆಲಸವಿಲ್ಲದ ದಿನಗಳಲ್ಲೂ ಬಡಗಿಗಳನ್ನು ಮನೆಗೆ ಕಳಿಸದೆ ಪೊರಕೆ ಹಿಡಿಸಿಯಾದರೂ ಇಟ್ಟುಕೊಂಡವನು. ಅವನ ಹೆದರಿಕೆ ಏನೆಂಬುದು ನನಗೂ ಗೊತ್ತಿತ್ತು.

ಬ್ರಿಸ್ಬೇನಿನ ಅಂಚಿನಲ್ಲೊಂದು ಆಸ್ಪತ್ರೆ. ಅದರ ನರ್ಸುಗಳಿಗೆ, ವಾರ್ಡಿನ ಆಳುಗಳಿಗೆ, ಹೊಸದಾಗಿ ಬಂದ ಡಾಕ್ಟರುಗಳಿಗೆ ಸುತ್ತಮುತ್ತ ಎಲ್ಲಿಯೂ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು, ಗಾಲಿಯ ಮೇಲಿನ ಪುಟ್ಟ ಡಬ್ಬಿಮನೆಗಳ ಕ್ಯಾರವಾನ್ ಪಾರ್ಕಿನಲ್ಲಿ ಇದ್ದವರೂ ಉಂಟು. ಇಟ್ಟಿಗೆಯಲ್ಲಿ ಕಟ್ಟುವ ತನಕ ಕಾಯುವ ತ್ರಾಣ ಯಾರಿಗಿದೆ? ಪೂರ್ವ ತೀರದ ಕಾರ್ಖಾನೆಗಳಿಗೆ ಕೈತುಂಬ ಕೆಲಸ. ನಮ್ಮ ಶೆಡ್ಡು ಖಾಲಿ. ಹಾಗಾಗಿ ಹನ್ನೆರಡು ಮನೆಗಳ ಆರ್ಡರ್ ಆಸ್ಟ್ರೇಲಿಯಾ ಖಂಡದ ಆ ಅಂಚಿನಿಂದ ಈ ಅಂಚಿಗೆ ಬಂತು. ನಮ್ಮದು ಪೂರ್ತಿ ಮರದ ಮನೆ. ನೆಲ, ಗೋಡೆ, ಕಿಟಕಿ, ಅಡಿಗೆಮನೆಯ ನಲ್ಲಿಯವರೆಗೂ ಶೆಡ್ಡಿನೊಳಗೇ ತಯಾರು. ಎರಡು ಹೋಳಾಗಿ ಲಾರಿ ಹತ್ತಿ, ನಲ್ಲಾರ್ಬೋರ್ ಬಯಲು ದಾಟಿ ಹೋಗಿ, ಮೋಟು ಕಂಬಗಳ ಮೇಲೆ ಕೂತು, ನಡುವೆ ಬೋಲ್ಟು ಬಿಗಿಸಿಕೊಂಡರೆ ಅದು ಮನೆ. ಎರಡು ಹೋಳು ಕೂಡುವ ಆ ಗೆರೆಗೆ ನಮ್ಮ ಕೆಲಸದವರು ಮ್ಯಾರೇಜ್ ಲೈನ್ ಎನ್ನುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಎರಡು ಕಷ್ಟಗಳನ್ನು ಬೇರೆ ಬೇರೆ ಇಟ್ಟಿದ್ದರು. ನಾವು ಎರಡನ್ನೂ ಒಂದೇ ದಿನ ಕ್ರೇನಿನಲ್ಲಿ ಮಾಡಿ ಮುಗಿಸುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಗೆ ಇಂಥವೇ ಕೆಲವು ಮನೆಗಳನ್ನು ಅಡಿಲೇಡಿಗೆ ಕಳಿಸಿದ್ದೆವು. ಬೇಸಿಗೆಗಳು ಕಳೆದರೂ ಒಂದು ಬಾಗಿಲು ಕಿರುಗುಟ್ಟಲಿಲ್ಲ. ನಾನೇ ಹೋಗಿ, ನೆಲ ಸಮವಾಗಿದೆಯೇ ಎಂದು ಗೋಲಿ ಉರುಳಿಸಿ ನೋಡಿ ಬಂದಿದ್ದೆ. ಆ ಹೆಸರಿನ ಮೇಲೆಯೇ ಬ್ರಿಸ್ಬೇನಿನ ಕೆಲಸ ಸಿಕ್ಕಿದ್ದು. ಈ ಹನ್ನೆರಡು ನೆಟ್ಟಗೆ ನಿಂತರೆ ಇನ್ನೂ ಆರ್ಡರು ಬರುವುದಿತ್ತು. ಶೆಡ್ಡಿನವರ ಅನ್ನ ಅದರ ಮೇಲೆ ನಿಂತಿತ್ತು.

ಡಾಕ್ಟರು ಪೂರಾ ಅಪರಿಚಿತರೇನಲ್ಲ. ನನ್ನ ಹೆಂಡತಿ ಪರ್ತ್‌ನಲ್ಲಿ ಬೆಂಟ್ಲಿಯ ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು. ಮೈಸೂರಿನಲ್ಲಿ ಅವಳೂ ಆ ಡಾಕ್ಟರೂ ಒಂದೇ ಕಾಲೇಜಿನಲ್ಲಿ ಓದಿದವರು. ನಾನು ಪೆಟ್ಟಿಗೆ ತುಂಬುವಾಗ ಅವಳು ಬಾಗಿಲಿಗೆ ಒರಗಿ ನಿಂತು, "ಏನ್ರೀ, ಮುದುಕಿಯ ಬಾಯಿ ಬಿಡಿಸೋಕೆ ಪೊಲೀಸ್ ಥರ ಹೊರಟಿದ್ದೀರಾ? ಆಯ್ತು, ಹೋಗೋದು ಹೋಗ್ತೀರ, ಉಪ್ಪಿನಕಾಯಿ ಬಾಟ್ಲಿ ತಗೊಂಡ್ ಹೋಗಿ. ತಪ್ಪೊಪ್ಪಿಗೆ ರುಚಿಯಾಗಿ ಬರುತ್ತೆ" ಎಂದಳು.

ಬ್ರಿಸ್ಬೇನಿನಲ್ಲಿ ವಿಮಾನ ಇಳಿದಾಗ ಗಾಳಿ ಒದ್ದೆ ಕಂಬಳಿಯಂತೆ ಮೈಗೆ ಸುತ್ತಿಕೊಂಡಿತು. ಡಾಕ್ಟರೇ ಕಾರಿನಲ್ಲಿ ಕರೆದುಕೊಂಡು ಹೋದರು. ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ, "ನಿಮ್ಮ ಕಂಪನಿ ನಮ್ಮ ಆಸ್ಪತ್ರೆಗೆ ಬರೆದಿದೆ. ವಾಸದವರೇ ಹಾಳು ಮಾಡಿದ್ದು ಅಂತ ಆದ್ರೆ ಮನೆ ಬಿಡಬೇಕು. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ನೋಡಿ. ಈ ಮನೆ ಸಿಗೋ ಮೊದಲು ಟೂವಾಂಗ್‌ನಲ್ಲಿ ಒಂದೇ ರೂಮಲ್ಲಿ ನಾನು, ನನ್ನ ಹೆಂಡ್ತಿ, ಮಗು, ಅಮ್ಮ ಇದ್ವಿ. ಮತ್ತೆ ಅಲ್ಲಿಗೇ" ಎಂದರು. ಹಸಿರು ದೀಪ ಬಂದದ್ದು ಅವರಿಗೆ ಕಾಣಲಿಲ್ಲ. ಹಿಂದಿನ ಕಾರಿನವನು ಹಾರನ್ ಹೊಡೆದ.

ತಾಯಿ ಬಾಗಿಲಲ್ಲೇ ನಿಂತಿದ್ದರು. ತಲೆಯ ಮೇಲೆ ಬಿಳಿ ಸೆರಗು, ಕೈಯಲ್ಲಿ ಪೊರಕೆ.

"ಬಾ ಬೇಟಾ. ಮೈಸೂರಂತೆ? ಯಾವ ಮೊಹಲ್ಲಾ?"

ಹೇಳಿದೆ. "ಅಯ್ಯೋ, ನಾವು ಮಂಡಿ ಮೊಹಲ್ಲಾ! ಕೂಗಿದ್ರೆ ಕೇಳ್ಸೋಷ್ಟು ದೂರ" ಎಂದು ಚಹಾ ಇಡಲು ಹೋದರು. ಸುಖಾಸುಮ್ಮನೆ ಸುತ್ತಿ ಬಳಸುವುದೇಕೆಂದು, ಲೋಟ ಕೈಗೆ ಬಂದಮೇಲೆ ಕೇಳಿಯೇ ಬಿಟ್ಟೆ: "ಅಮ್ಮಾ, ನೆಲ ಹೇಗೆ ತೊಳೀತೀರಿ?"

"ಹೇಗೆ ಅಂದ್ರೆ? ನಿಮ್ಮಮ್ಮ ಹೇಗೆ ತೊಳೀತಿದ್ರು? ಹಾಗೇನೇ. ಶುಕ್ರವಾರ ಬೆಳಿಗ್ಗೆ ಸಾಮಾನೆಲ್ಲ ಮಂಚದ ಮೇಲೆ ಎತ್ತಿಟ್ಟು, ಬಕೆಟ್‌ನಲ್ಲಿ ನೀರು ತಂದು ಸುರಿದು, ಪೊರಕೆಯಲ್ಲಿ ಗಸಗಸ ಉಜ್ಜಿ, ಬಾಗಿಲಿಂದಾಚೆ ತಳ್ಳಿಬಿಡ್ತೀನಿ. ಇಲ್ಲಿಯವರ ಥರ ಕೋಲಿಗೆ ಬಟ್ಟೆ ಕಟ್ಟಿ ನೆಲ ಸವರೋದು ತೊಳೆಯೋದಾ? ಅದು ನೆಲಕ್ಕೆ ಮಾಡೋ ಅವಮಾನ."

ಡಾಕ್ಟರು ಹಣೆ ಹಿಡಿದುಕೊಂಡು ಕೂತರು. ಶುಕ್ರವಾರ ಮನೆ ತೊಳೆಯುವುದರಲ್ಲಿ ನಮ್ಮೂರಿನಲ್ಲಿ ಜಾತಿ ಮತ ಯಾವುದೂ ಇರಲಿಲ್ಲ. ಆದರೆ ನಮ್ಮ ನೆಲ ರೆಡ್ಡಾಕ್ಸೈಡಿನದು, ಕಡಪಾ ಕಲ್ಲಿನದು. ಇದು ಮರ. ನನ್ನ ಕೆಲಸ ಚಹಾ ಆರುವ ಮೊದಲೇ ಮುಗಿದಂತಾಯಿತು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನಂಬಿದೆ. ಎರಡು ಪುಟ ಏಕೆ, ಒಂದು ಸಾಕು.

ಆದರೂ ಅಳತೆ ಮಾಡದೆ ಬರೆಯುವ ಅಭ್ಯಾಸ ನನಗಿಲ್ಲ. ಮೊಣಕಾಲೂರಿ ಒಂದು ಉಕ್ಕಿನ ಪಟ್ಟಿಯನ್ನು ಹಲಗೆಗಳ ಮೇಲೆ ಅಡ್ಡಲಾಗಿ ಇಟ್ಟೆ. ಪಟ್ಟಿ ಅಲುಗಾಡಲಿಲ್ಲ. ಪ್ರತಿ ಹಲಗೆಯ ಎರಡು ಅಂಚುಗಳ ಮೇಲೆ ಅಚ್ಚುಕಟ್ಟಾಗಿ ಕೂತಿತು. ಹಲಗೆಯ ನಡುವಿನಲ್ಲಿ, ಪಟ್ಟಿಯ ಅಡಿಯ ಸಂದಿನಲ್ಲಿ ಬೆಳಕು ಕಂಡಿತು. ಅಲ್ಲಿಗೆ ನನ್ನ ಒಂದು ಪುಟ ಹರಿದುಹೋಯಿತು. ಹಲಗೆ ಮೇಲಿನಿಂದ ನೀರು ಕುಡಿದರೆ ಆಮೆಯ ಬೆನ್ನಿನಂತೆ ನಡು ಉಬ್ಬುತ್ತದೆ. ಕೆಳಗಿನಿಂದ ಕುಡಿದರೆ ಅಂಚು ಎದ್ದು, ನಡು ತಗ್ಗಿ, ದೊನ್ನೆಯಂತಾಗುತ್ತದೆ. ಅಮ್ಮನ ನೆಲದ ತುಂಬ ದೊನ್ನೆಗಳು. ಅವರು ನೀರು ತಾಕಿಸದ ಬಟ್ಟೆ ಬೀರುವಿನ ಅಡಿಯಲ್ಲೂ ದೊನ್ನೆಯೇ.

ಹೊರಗೆ ಬಂದು ಮನೆಯ ಸುತ್ತ ನಡೆದೆ. ಮೋಟು ಕಂಬಗಳ ಸುತ್ತ, ನೋಡಲು ಚೆನ್ನಾಗಿರಲಿ ಎಂದು, ತಗಡನ್ನು ನೆಲಮಟ್ಟದವರೆಗೆ ಬಿಗಿಯಾಗಿ ಹೊಡೆದಿದ್ದರು. ಅಡಿಲೇಡಿನ ಮನೆಗಳಿಗೂ ಹೀಗೆಯೇ ಹೊಡೆದಿದ್ದೆವು. ಅಲ್ಲಿಯ ಮಣ್ಣು ಹುರಿದ ಹಿಟ್ಟಿನಂತೆ ಒಣ. ಇಲ್ಲಿ ಒಂದು ತಗಡು ಬಿಚ್ಚಿ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದರೆ, ಮುಚ್ಚಿದ ಇಡ್ಲಿ ಪಾತ್ರೆಯೊಳಗೆ ತಲೆ ಹಾಕಿದ ಹಾಗೆ. ಮೊದಲ ಮಳೆಯ ನೀರೆಲ್ಲ ಮಣ್ಣಿನಲ್ಲಿ ಕೂತು ಬೇಯುತ್ತಿತ್ತು. ಹಲಗೆಗಳ ಅಡಿಯಲ್ಲಿ ಬೂಷ್ಟು. ಅಲ್ಲಿಯೇ ಬೆನ್ನ ಮೇಲೆ ಮಲಗಿ, ಟಾರ್ಚಿನ ಬೆಳಕಿನಲ್ಲಿ, ಪೂರ್ತಿ ಕಥೆ ಓದಿಕೊಂಡೆ.

ಆ ಹಲಗೆಗಳು ಪರ್ತ್‌ನ ಸುಡುವ ಬೇಸಿಗೆಯಲ್ಲಿ ಹಪ್ಪಳದಂತೆ ಒಣಗಿದ ಜಾರ್ರಾ ಮರದವು. ನಮ್ಮ ಬಡಗಿಗಳು ಅವನ್ನು ಕ್ಲ್ಯಾಂಪು ಹಾಕಿ, ನಡುವೆ ಕೂದಲೂ ತೂರದಂತೆ ಬಿಗಿದು ಮೊಳೆ ಹೊಡೆಯುತ್ತಿದ್ದರು. ಪರ್ತ್‌ನಲ್ಲಿ ಅದೇ ಒಳ್ಳೆಯ ಕೆಲಸ. ಅಲ್ಲಿ ನೆಲದಲ್ಲಿ ಸಂದು ಬಿಟ್ಟರೆ ಬಡಗಿಗೆ ನಾಚಿಕೆ. ನೆಲವನ್ನು ಮೊದಲು ಅಂಚಿನಿಂದ ಅಂಚಿಗೆ ಹಾಸಿ, ಅದರ ಮೇಲೆ ಗೋಡೆ ನಿಲ್ಲಿಸುವುದು ನಮ್ಮ ಪದ್ಧತಿ. ಹಾಗಾಗಿ ನೆಲ ಹಿಗ್ಗಿದರೆ ಗೋಡೆಯನ್ನೂ ಹೊತ್ತುಕೊಂಡೇ ಸರಿಯಬೇಕು. ಮರ ಕಡಿದ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ ಎಂದು ನಮ್ಮ ಸೋದರಮಾವ ಹೇಳುತ್ತಿದ್ದರು; ಅವರ ಮಾತು ಮಳೆಗಾಲದಲ್ಲಿ ಬಿಗಿಯುವ ಬಾಗಿಲ ಬಗ್ಗೆ. ಇಲ್ಲಿ ಇಡೀ ಮನೆಯೇ ಬಾಯಿ ತೆರೆದು ಕೂತಿತ್ತು.

ಹಾಗಾದರೆ ಉಳಿದ ಹನ್ನೊಂದು?

ಪಕ್ಕದ ಮನೆ ಒಬ್ಬ ನರ್ಸಿನದು. ಗಂಡ ಬಿಟ್ಟು ಹೋಗಿದ್ದ, ಇಬ್ಬರು ಮಕ್ಕಳು. ಶಾಲೆ ಬಿಟ್ಟಮೇಲೆ ಅವಳ ಶಿಫ್ಟು ಮುಗಿಯುವವರೆಗೆ ಮಕ್ಕಳು ಡಾಕ್ಟರ ಅಮ್ಮನ ಹತ್ತಿರ ಇರುತ್ತಿದ್ದವು. "ಅವಳ ಮಾತು ನನಗೆ ಬರಲ್ಲ, ನನ್ನ ಮಾತು ಅವಳಿಗೆ ಬರಲ್ಲ. ಅದಕ್ಕೇ ನಮ್ಮಿಬ್ಬರಲ್ಲಿ ಜಗಳ ಇಲ್ಲ" ಎನ್ನುತ್ತಿದ್ದರು ಅಮ್ಮ. ಆ ನರ್ಸಿನ ಮನೆಯಲ್ಲಿ ನೆಲದ ತುಂಬ ಕಾರ್ಪೆಟ್. ನೆಲ ತೊಳೆಯುತ್ತೀರಾ ಎಂದು ಕೇಳಿದೆ.

ಗಹಗಹಿಸಿ ನಕ್ಕಳು. "ತೊಳೆಯೋದಾ? ಲವ್, ಈ ಮನೆಗೆ ಬಂದಮೇಲೆ ನಾನು ಬಕೆಟ್ ಮುಟ್ಟೇ ಇಲ್ಲ. ಡ್ಯೂಟಿ ಮುಗಿಸಿ ಬಂದು ಕಾರ್ಪೆಟ್ ಮೇಲೆ ಬಿದ್ಕೋತೀನಿ ಅಷ್ಟೇ. ಯಾಕೆ, ಹೆಲ್ತ್ ಇನ್ಸ್ಪೆಕ್ಟರಾ ನೀನು?"

ಮೂಲೆಯ ಕಾರ್ಪೆಟ್ ಎತ್ತಿದೆ. ದೊನ್ನೆಗಳು. ಅಮ್ಮನ ಮನೆಗಿಂತ ಆಳ. ಅಮ್ಮ ವಾರಕ್ಕೊಮ್ಮೆ ಬಾಗಿಲು ಕಿಟಕಿ ತೆಗೆದು ಗಾಳಿಯನ್ನಾದರೂ ಆಡಿಸುತ್ತಿದ್ದರು. ಇಲ್ಲಿ ಅದೂ ಇಲ್ಲ. ಏಣಿ ತರಿಸಿ ಛಾವಣಿಯಡಿಯ ಅಟ್ಟಕ್ಕೆ ಹತ್ತಿದೆ. ಮ್ಯಾರೇಜ್ ಲೈನಿನಲ್ಲಿ, ಎರಡು ಹೋಳು ಕೂಡುವ ಕಡೆ, ನನ್ನ ಬೆರಳು ಸಲೀಸಾಗಿ ತೂರಿತು. ಎರಡೂ ಕಡೆಯ ನೆಲಗಳು ನಡುವೆ ಒಂದಕ್ಕೊಂದು ಎದೆಯೊಡ್ಡಿ ತಳ್ಳಿ ಹೋಳುಗಳನ್ನು ಬೇರ್ಪಡಿಸಿದ್ದವು. ಬೋಲ್ಟುಗಳು ಬಾಗಿದ್ದವು. ಗಾಳಿಗೆ ಹಾರದಂತೆ ಛಾವಣಿಯನ್ನು ಕಂಬಗಳಿಗೆ ಕಟ್ಟಿದ ಕಬ್ಬಿಣದ ಸರಳುಗಳು ಓರೆಯಾಗಿ, ಒಂದೆರಡು ತಮ್ಮ ತೂತನ್ನೇ ಸೀಳಿಕೊಂಡಿದ್ದವು. ಬಿರುಗಾಳಿಯ ತಿಂಗಳುಗಳು ಇನ್ನೂ ಎದುರಿಗಿದ್ದವು.

ಒಂದು ಪರೀಕ್ಷೆ ಉಳಿದಿತ್ತು. ಗೋಡೆಯ ಬುಡದ ಉದ್ದಕ್ಕೂ ನೆಲವನ್ನು ಗರಗಸದಿಂದ ಸೀಳಿ ಸಂದು ಮಾಡಿಕೊಟ್ಟರೆ, ಹಿಗ್ಗಿದ ನೆಲ ಆ ಸಂದಿನೊಳಗೆ ಸರಿದು ಗೋಡೆಯನ್ನು ತಳ್ಳುವುದನ್ನು ನಿಲ್ಲಿಸಬಹುದು. ಸಾಮಾನ್ಯವಾಗಿ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಹೀಗೆ ಕೊಯ್ಯಲೇ ಎಂದು ನರ್ಸನ್ನು ಕೇಳಿದೆ. ಅವಳ ನಗು ಆಗಲೇ ಹೋಗಿತ್ತು. "ಏನ್ ಬೇಕಾದ್ರೂ ಕೊಯ್ಕೋ ಮೇಟ್. ನಮ್ಮನ್ನ ಮಾತ್ರ ಹೊರಗೆ ಹಾಕ್ಬೇಡ. ಆ ಕ್ಯಾರವಾನ್‌ನಲ್ಲಿ ನನ್ನ ಚಿಕ್ಕವನು ಉಸಿರಾಡೋಕೇ ಒದ್ದಾಡ್ತಿದ್ದ" ಎಂದಳು.

ಗರಗಸದ ಮೆಷಿನ್ ಬಾಡಿಗೆಗೆ ತಂದು ಕೊಯ್ಯತೊಡಗಿದೆ. ಒಂದು ಮಾರು ಹೋಗುವುದರೊಳಗೆ ಮರ ಎರಡೂ ಕಡೆಯಿಂದ ಹಲ್ಲು ಕಚ್ಚಿ ಗರಗಸವನ್ನು ಹಿಡಿದುಬಿಟ್ಟಿತು. ಬೆಣೆ ಹೊಡೆದು ಬಿಡಿಸಿಕೊಂಡೆ. ಮತ್ತೆ ಕೊಯ್ದೆ. ಮರುದಿನ ಬಂದು ನೋಡಿದರೆ, ಗೋಡೆಯ ಉದ್ದಕ್ಕೂ ನಾನು ಮಾಡಿದ್ದ ಸಂದು ಕಾಣಲಿಲ್ಲ. ಗಾಯ ಕೂಡಿಕೊಂಡ ಹಾಗೆ ಮುಚ್ಚಿಹೋಗಿತ್ತು. ಅದೇ ಜಾಗದಲ್ಲಿ ಇನ್ನೊಮ್ಮೆ ಕೊಯ್ದೆ. ಅದೂ ಮುಚ್ಚಿತು. ಮರಕ್ಕೆ ಇನ್ನೂ ಬಾಯಾರಿಕೆ ತೀರಿರಲಿಲ್ಲ.

ಉಳಿದ ಹತ್ತು ಮನೆಗಳ ಅಡಿಗೂ ಅಟ್ಟಕ್ಕೂ ಹೋಗಿ ನೋಡಿದೆ; ಎಲ್ಲೆಲ್ಲೂ ಅದೇ ಕಥೆ. ನನ್ನ ಕಣ್ಣನ್ನಷ್ಟೇ ನಂಬಿ ಬರೆದರೆ ಊರಿನವನ ಪಕ್ಷಪಾತ ಎನ್ನುತ್ತಾರೆಂದು ಅಮ್ಮನ ಮತ್ತು ನರ್ಸಿನ ಮನೆಗಳ ಹಲಗೆಗಳಿಂದ ತುಂಡು ಕತ್ತರಿಸಿ, ಒಂದೊಂದನ್ನೂ ಮೇಲ್ಪದರ, ಕೆಳಪದರ ಎಂದು ಸೀಳಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿಕೊಂಡು, ನದಿಯ ದೋಣಿ ಹತ್ತಿ ಸೇಂಟ್ ಲೂಸಿಯಾ ಬಡಾವಣೆಯ ವಿಶ್ವವಿದ್ಯಾಲಯಕ್ಕೆ ಹೋದೆ. ಅಲ್ಲಿಯ ಪ್ರಯೋಗಾಲಯದವನು ತೂಗಿ, ಒಲೆಯಲ್ಲಿ ಒಣಗಿಸಿ, ಮತ್ತೆ ತೂಗಿದ. ಕಳೆದುಹೋದ ತೂಕವೇ ಮರದೊಳಗಿದ್ದ ನೀರು. ಎರಡೂ ಮನೆಗಳಲ್ಲಿ ಕೆಳಪದರವೇ ಹೆಚ್ಚು ಒದ್ದೆ. ಕಾರ್ಪೆಟ್ ಮನೆಯದು ಎಲ್ಲಕ್ಕಿಂತ ಒದ್ದೆ. ಅವನು ಚೀಟಿ ಕೊಡುತ್ತಾ, "ಈ ಮನೆಯಲ್ಲಿ ಜನ ಇದಾರಾ?" ಎಂದು ಕೇಳಿದ. ಇದ್ದಾರೆ ಎಂದೆ.

ಅಲ್ಲಿಯೇ ಕ್ಯಾಂಪಸ್ಸಿನ ಫೋನ್ ಬೂತಿನಿಂದ ಮ್ಯಾನೇಜರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆ ಕಡೆಯಿಂದ ಶೆಡ್ಡಿನ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಅವಳು ನೀರು ಸುರಿದದ್ದು ನಿಜ ತಾನೇ? ಒಪ್ಕೊಂಡಿದಾಳೆ ತಾನೇ?"

"ನಿಜ. ಆದ್ರೆ ನೆಲ ಎದ್ದದ್ದು ಅದರಿಂದ ಅಲ್ಲ."

"ಮೇಟ್, ನೀರು ಅಂತ ಬರೆದ್ರೆ ಒಂದು ಕುಟುಂಬ ಹೊರಗೆ. ನೀನು ಹೇಳಿದ್ದನ್ನ ಬರೆದ್ರೆ ಹನ್ನೆರಡು ಕುಟುಂಬ ಹೊರಗೆ, ನಮ್ಮ ಶೆಡ್ಡೂ ಮುಚ್ಚುತ್ತೆ. ನೀನು ಇಂಜಿನಿಯರ್ ಅಲ್ವಾ, ನೀನೇ ಲೆಕ್ಕ ಹಾಕು."

ಲೆಕ್ಕ ತಪ್ಪಾಗಿರಲಿಲ್ಲ, ಅದೇ ಕಷ್ಟ. ದೋಣಿ ಕಟ್ಟೆಯಲ್ಲಿ ಕೂತೆ. ಒಂದು ದೋಣಿ ಬಿಟ್ಟೆ, ಇನ್ನೊಂದು ಬಿಟ್ಟೆ. ವಿದ್ಯಾರ್ಥಿಗಳು ಹತ್ತಿ ಇಳಿಯುತ್ತಿದ್ದರು. ನಡುವಿನ ದಾರಿಯನ್ನೂ ಹುಡುಕಿದೆ: ತಗಡೆಲ್ಲ ಬಿಚ್ಚಿ ಗಾಳಿ ಆಡಿಸಿ, ಜನರನ್ನು ಒಳಗೇ ಇಟ್ಟುಕೊಂಡು ರಿಪೇರಿ ಮಾಡಿದರೆ? ಆದರೆ ಮರ ಒಣಗಲು ತಿಂಗಳುಗಳು ಬೇಕು. ಸರಳು, ಬೋಲ್ಟು ಬದಲಿಸಲು ಹೋಳುಗಳನ್ನೇ ಬೇರೆ ಮಾಡಬೇಕು. ಅಷ್ಟರೊಳಗೆ ಒಂದು ಜೋರು ಗಾಳಿ ಬಂದರೆ, ಛಾವಣಿಯ ಕೆಳಗೆ ಮಲಗಿದ ಮಗುವಿಗೆ ನನ್ನ ನಡುವಿನ ದಾರಿ ಯಾವ ಉಪಕಾರ ಮಾಡೀತು? ಮುಂದಿನ ದೋಣಿ ಬಂದಾಗ ಎದ್ದು ಹತ್ತಿದೆ. ಡಾಕ್ಟರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಮೋಟೆಲಿನಲ್ಲಿ ಕೂತು ಬರೆದೆ.

ಆಸ್ಪತ್ರೆಯ ಸಭೆಯಲ್ಲಿ ಆಡಳಿತಾಧಿಕಾರಿ ರಿಪೋರ್ಟನ್ನು ಎರಡು ಸಲ ತಿರುವಿ ಹಾಕಿ ಕೇಳಿದ: "ಹಾಗಾದ್ರೆ ಡಾಕ್ಟರ ತಾಯಿಯ ತಪ್ಪಿಲ್ಲ?"

"ಇಲ್ಲ."

"ಮನೆಗಳಲ್ಲಿ ಜನ ಇರಬಹುದಾ?"

"ಬಿರುಗಾಳಿ ಕಾಲ ಮುಗಿಯೋವರೆಗೆ ಇರಬಾರದು. ರಿಪೇರಿ ಆದಮೇಲೆ ಎಲ್ಲರೂ ವಾಪಸ್ ಬರಬಹುದು. ಹೇಗೆ ಮಾಡಬೇಕು ಅಂತ ಕೊನೆಯಲ್ಲಿ ಬರೆದಿದ್ದೀನಿ."

ಕೊನೆಯ ಪುಟವನ್ನು ಅವನು ಓದುವ ಗೋಜಿಗೆ ಹೋಗಲಿಲ್ಲ. ಆ ವಾರದೊಳಗೆ ಹನ್ನೆರಡೂ ಬಾಗಿಲುಗಳಿಗೆ ಖಾಲಿ ಮಾಡಬೇಕೆಂಬ ನೋಟಿಸು ಅಂಟಿತು. ಇಂಜಿನಿಯರನ ವರದಿಯ ಮೇರೆಗೆ ಎಂದು ಮೊದಲ ಸಾಲಿನಲ್ಲೇ ಇತ್ತು.

ಖಾಲಿ ಮಾಡುವ ದಿನ ನಾನು ಅಲ್ಲಿಯೇ ಇದ್ದೆ. ಇರದೆ ಹೋಗುವ ಧೈರ್ಯ ಬರಲಿಲ್ಲ. ವಾರ್ಡಿನ ಆಳೊಬ್ಬ ನನ್ನ ಮುಂದೆಯೇ ಉಗಿದ. ಯಾರೋ ಡಾಕ್ಟರ ಕಾರಿಗೆ ಕೆಸರು ಎರಚಿದ್ದರು. ಅವರಿಗೆ ಅರ್ಥವಾದದ್ದು ಇಷ್ಟೇ: ಮುದುಕಿ ನೀರು ಸುರಿದಳು, ಅವಳ ಊರಿನವನು ಬಂದು ಅವಳನ್ನು ಬಿಡಿಸಲು ಎಲ್ಲರ ಮನೆಯನ್ನೂ ಕೆಟ್ಟದ್ದು ಎಂದು ಬರೆದ. ಎರಡು ಸಲ ವಿವರಿಸಲು ಹೋದೆ. ಟ್ರಕ್ಕಿಗೆ ಮಂಚ ಹೇರುತ್ತಿರುವವರಿಗೆ ಹಲಗೆಯ ಮೇಲ್ಪದರ, ಕೆಳಪದರದ ಪಾಠ ಹೇಗೆ ಹೇಳುವುದು?

ಅಮ್ಮ ಒಂದು ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ನರ್ಸಿನ ಬಾಗಿಲಿಗೆ ಹೋದರು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಮಕ್ಕಳ ದನಿ ಕೇಳುತ್ತಿತ್ತು. ಸ್ವಲ್ಪ ಹೊತ್ತು ನಿಂತು, ತಟ್ಟೆಯನ್ನು ಹೊಸ್ತಿಲ ಬದಿಗೆ ಇಟ್ಟು ಬಂದರು. ಮಧ್ಯಾಹ್ನ ನರ್ಸಿನ ಕಾರು ಹೊರಟಿತು, ತಲೆಯ ಮೇಲೆ ಹಾಸಿಗೆ ಕಟ್ಟಿಕೊಂಡು. ನನ್ನ ಪಕ್ಕ ನಿಧಾನಿಸಿ ಗಾಜು ಇಳಿಸಿದಳು.

"ನೀನು ಪ್ರಾಮಾಣಿಕ ಅಂತ ಡಾಕ್ಟರ್ ಹೇಳ್ತಿದ್ದ. ಇರಬಹುದು" ಎಂದಳು. ಗಾಜು ಏರಿತು. ಹಿಂದಿನ ಸೀಟಿನಲ್ಲಿ ಚಿಕ್ಕವನು ಡಾಕ್ಟರ ಅಮ್ಮನಿಗೆ ಕೈ ಬೀಸುತ್ತಿದ್ದ. ಪಕ್ಕದಲ್ಲಿದ್ದ ದೊಡ್ಡ ಮಗು ಅವನ ಕೈ ಇಳಿಸಿತು.

ಮುಂದಿನದು ಹೇಳಿಕೊಳ್ಳುವಂಥದ್ದಲ್ಲ. ರಿಪೇರಿ ಯಾರು ಮಾಡಬೇಕೆಂದು ಆಸ್ಪತ್ರೆಯೂ ನಮ್ಮ ಕಂಪನಿಯೂ ವಕೀಲರನ್ನು ಇಟ್ಟುಕೊಂಡರು. ಅವರು ಜಗಳವಾಡುವಷ್ಟು ಕಾಲ ಮರವೂ ನೀರು ಕುಡಿಯಿತು. ಪರ್ತ್‌ನ ಶೆಡ್ಡಿನಲ್ಲಿ ಮೊದಲು ಅರ್ಧ ಜನ ಹೋದರು, ಆಮೇಲೆ ಉಳಿದರ್ಧ. ಮ್ಯಾನೇಜರ್ ನನ್ನನ್ನು ಬೈಯಲಿಲ್ಲ. ತನ್ನ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಾ, "ನೀನು ಹೇಳಿದ ತಗಡಿನ ವಿಷಯ ನಾನೂ ಯೋಚನೆ ಮಾಡ್ಬೇಕಿತ್ತು" ಎಂದನಷ್ಟೇ. ಆ ಬೇಸಿಗೆ ಪೂರ್ತಿ ನಾನು ರೇಡಿಯೋದಲ್ಲಿ ಬ್ರಿಸ್ಬೇನಿನ ಹವಾಮಾನ ಕೇಳುತ್ತಿದ್ದೆ. ಮಗಳು, "ಅಪ್ಪಾ, ವಿ ಲಿವ್ ಇನ್ ಪರ್ತ್" ಎಂದು ನಗುತ್ತಿದ್ದಳು. ಮಳೆ ಬಂತು. ಗಾಳಿ ಬರಲಿಲ್ಲ. ಆ ಕಡೆ ಒಂದು ತಗಡು ಹಾರುವಷ್ಟೂ ಬರಲಿಲ್ಲ.

ಜೂನಿನಲ್ಲಿ, ಅಲ್ಲಿ ಚಳಿ ಶುರುವಾದಾಗ, ರಿಪೇರಿಗೂ ಬಾರದ ಹನ್ನೆರಡು ಮನೆಗಳನ್ನೂ ಬಿಚ್ಚಿಹಾಕುವ ಕೆಲಸಕ್ಕೆ, ಬಾಗಿಲು ಮುಚ್ಚುತ್ತಿದ್ದ ಕಂಪನಿಯ ಕಡೆಯಿಂದ ನನ್ನನ್ನೇ ಕಳಿಸಿದರು. ಹಲಗೆಗಳು ಸೌದೆಯ ಬೆಲೆಗೆ ಹೋದವು. ಕೊನೆಯ ದಿನ ಸಂಜೆ ಟೂವಾಂಗಿಗೆ ಹೋದೆ. ಡಾಕ್ಟರ ಕುಟುಂಬ ಮತ್ತೆ ಅಲ್ಲಿಯೇ, ಹಳೆಯ ಮನೆಯೊಂದರ ಹಿಂಭಾಗದ ಒಂದೂವರೆ ಕೋಣೆಯಲ್ಲಿ. ಅವರ ಕೆಲಸ ಪರ್ಮನೆಂಟ್ ಆಗಿತ್ತು, ಅದೊಂದು ಉಳಿದಿತ್ತು. ಆದರೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಒಬ್ಬರೇ ಕೂತು ಊಟ ಮಾಡುತ್ತೇನೆಂದು ಹೇಳಿದರು. ನರ್ಸು ವಾರ್ಡು ಬದಲಾಯಿಸಿಕೊಂಡಿದ್ದಳಂತೆ. ಮತ್ತೆ ಕ್ಯಾರವಾನ್ ಪಾರ್ಕು. ಚಿಕ್ಕವನಿಗೆ ಚಳಿಗಾಲ ಹಿಡಿದಾಗಿನಿಂದ ಮಕ್ಕಳ ವಾರ್ಡಿಗೆ ಓಡಾಟ.

ಡಾಕ್ಟರು ಅಂಗಡಿಗೆ ಹೋದಾಗ ಅಮ್ಮ ನನ್ನೆದುರು ಕೂತರು.

"ಗಾಳಿ ಬಂತಾ ಬೇಟಾ?"

"ಇಲ್ಲಮ್ಮ."

"ನಾನು ನೀರು ಸುರಿದೇ ಹಾಳಾಯ್ತು ಅಂತ ನೀನು ಬರೆದಿದ್ರೆ, ಆ ಹುಡುಗಿ ಮನೆ ಉಳೀತಿತ್ತಾ?"

ಸುಳ್ಳು ಹೇಳಲು ಮನಸ್ಸಾಯಿತು, ಆದರೆ ಹೇಳಲಿಲ್ಲ. "ಸ್ವಲ್ಪ ಕಾಲ ಉಳೀತಿತ್ತಮ್ಮ."

"ಈ ಚಳಿ ಕಳೆಯೋವರೆಗೆ?"

"ಬಹುಶಃ."

ಅಮ್ಮ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡರು. "ನಾವು ಹೇಗೂ ಇಲ್ಲಿಗೇ ಬಂದ್ವಿ. ಮುದುಕಿ ಮೇಲೆ ಒಂದು ಮಾತು ಬಂದ್ರೆ ಏನಾಗ್ತಿತ್ತು? ಹೊತ್ಕೋತಿದ್ದೆ. ನೀನು ನನ್ನ ಕೇಳಬೇಕಿತ್ತು."

"ನೀವು ಹೊತ್ಕೋತೀನಿ ಅಂದಿದ್ರೂ ನಾನು ಹಾಗೆ ಬರೀತಿರಲಿಲ್ಲಮ್ಮ. ಗಾಳಿ ಬಂದಿದ್ರೆ ಆ ಮಕ್ಕಳು ಅದರ ಕೆಳಗೆ ಮಲಗಿರ್ತಿದ್ರು."

"ಗೊತ್ತು" ಎಂದರು ಅಮ್ಮ. ನನ್ನ ಮುಖವನ್ನೇ ನೋಡುತ್ತಾ ಹೇಳಿದರು:

"ಆದ್ರೂ ಕೇಳಬೇಕಿತ್ತು."